ಅಕ್ಕನ ಮಜ್ಜೆ, ಅಕ್ಕನ ಹುಳು

ಆಲಸನತ್ತಂ, ಹೊಸೂರು
೧೯ ಜನವರಿ ೨೦೨೫

ಹನುಮಕ್ಕನಿಗೆ ತಮ್ಮ ಕೆಂಪರಾಜು ಮಾಡುವ ನಮಸ್ಕಾರ.

ನನಗೆ ತಲೆ ಸರಿಯಿಲ್ಲ ಎಂದು ನೀನು ಚಿಕ್ಕಂದಿನಿಂದ ಹೇಳುತ್ತಿದ್ದೆ. ಈಗ ಡಾಕ್ಟರೂ ಒಪ್ಪಿದ್ದಾರೆ. ಹೋದ ವರ್ಷ ಆಪರೇಷನ್ ಮಾಡಿ ತೆಗೆದ ಗಡ್ಡೆ ಅದೇ ಜಾಗದಲ್ಲಿ ಮತ್ತೆ ಬಂದಿದೆ.

ಫೋನ್ ಬಿಟ್ಟು ಕಾಗದ ಏಕೆ ಎಂದು ಕೇಳುತ್ತೀಯ. ನಿಮ್ಮ ನಾಟ್ರಾಂಪಾಳ್ಯದಲ್ಲಿ ಸಿಗ್ನಲ್ ಸಿಗಬೇಕಾದರೆ ನೀನು ಬಂಡೆ ಹತ್ತಬೇಕು. ಹತ್ತಿದರೂ ಪ್ರಯೋಜನವಿಲ್ಲ, ಮಾತಾಡುವಾಗ ನನಗೀಗ ಪದ ಸಿಗುವುದಿಲ್ಲ. ಮೊನ್ನೆ ನೀರು ಕೇಳಲು ಹೋಗಿ ಚಪ್ಪಲಿ ಕೇಳಿದೆ. ಚಂದ್ರಲೇಖಾ ನಕ್ಕಳು. ಆಮೇಲೆ ಗಂಡನಿಗೆ ಹೀಗಾಯಿತಲ್ಲ ಎಂದು ಅಡುಗೆಮನೆಗೆ ಹೋಗಿ ಅತ್ತಳು. ಬರೆಯುವಾಗ ಪದವನ್ನು ನಿಧಾನವಾಗಿ ಹುಡುಕಿಕೊಳ್ಳಬಹುದು, ಎದುರಿಗೆ ಯಾರೂ ಬಾಯಿ ನೋಡುತ್ತಾ ಕೂತಿರುವುದಿಲ್ಲ. ಇನ್ನೂ ಒಂದು ಅನುಕೂಲವಿದೆ. ಮಗ ಮುನೀಶ ತಮಿಳಿನಲ್ಲಿ ಓದಿದವನು, ಕನ್ನಡ ಓದಲು ಬಾರದು. ಲಕೋಟೆಯ ಮೇಲೆ ತಮಿಳಿನಲ್ಲಿ ವಿಳಾಸ ಬರೆದುಕೊಡುತ್ತಾನೆ, ಒಳಗೇನಿದೆ ಎಂದು ಅವನಿಗೆ ತಿಳಿಯುವುದಿಲ್ಲ. ತಿಳಿಯುವುದು ಈಗ ಬೇಡ.

ವಿಷಯಕ್ಕೆ ಬರುತ್ತೇನೆ. ಬೆಂಗಳೂರಿನ ಆಸ್ಪತ್ರೆಯಲ್ಲಿ ರಾಧಾಮಣಿ ಎಂಬ ಡಾಕ್ಟರಮ್ಮ ಒಂದು ಹೊಸ ಚಿಕಿತ್ಸೆಯ ಪ್ರಯೋಗ ನಡೆಸುತ್ತಿದ್ದಾರೆ. ಮೂಳೆಯ ಮಜ್ಜೆಯಿಂದ ಮೂಲಕೋಶ ಎನ್ನುವುದನ್ನು ತೆಗೆದು, ಲ್ಯಾಬಿನಲ್ಲಿ ಬೆಳೆಸಿ, ಅದರೊಳಗೆ ಮದ್ದು ತುಂಬಿ, ರಕ್ತನಾಳದ ಮೂಲಕ ತಲೆಗೆ ಕಳಿಸುತ್ತಾರಂತೆ. ನನ್ನ ಮಜ್ಜೆ ಕಿಮೋ ತಿಂದು ತಿಂದು ಬಳಲಿದೆ. "ಒಡಹುಟ್ಟಿದವರು ಇದ್ದರೆ ಕೇಳಿ ನೋಡಿ" ಎಂದರು. ನನಗೆ ಒಡಹುಟ್ಟಿದವಳು ನೀನೊಬ್ಬಳೇ.

ಗುಣವಾಗುತ್ತದೆ ಎಂದು ಅವರು ಹೇಳಿಲ್ಲ. ಏನೂ ಮಾಡದಿದ್ದರೆ ಈ ವರ್ಷದ ಮಾವಿನಕಾಯಿ ನೋಡುತ್ತೇನೆ, ಮುಂದಿನ ವರ್ಷದ್ದು ಅನುಮಾನ ಎಂಬುದಷ್ಟೇ ಅವರ ಮಾತಿನಲ್ಲಿ ನನಗೆ ತಿಳಿದದ್ದು. ಕೇಳಲು ನಾಚಿಕೆಯಾಗುತ್ತದೆ, ಆದರೂ ಕೇಳುತ್ತಿದ್ದೇನೆ. ಕೊಡುತ್ತೀಯಾ?

ಬಾವನಿಗೂ ಮಗಳು ಜಯಂತಿಗೂ ಕೇಳಿದೆನೆಂದು ಹೇಳು.

ನಿನ್ನ ತಮ್ಮ
ಕೆಂಪ


ನಾಟ್ರಾಂಪಾಳ್ಯ
೨೮ ಜನವರಿ ೨೦೨೫

ಕೆಂಪನಿಗೆ ಅಕ್ಕನ ಆಶೀರ್ವಾದ.

ಕಾಗದ ಬಂತು. ರೇಷ್ಮೆ ಹುಳು ಮೂರನೇ ಜ್ವರಕ್ಕೆ ಕೂತಿವೆ. ಚರ್ಮ ಬಿಡುವ ತನಕ ತಲೆ ಎತ್ತಿಕೊಂಡು ಅಲ್ಲಾಡದೆ ಕೂರುತ್ತವಲ್ಲ, ಅದೇ ನನಗೆ ಬಿಡುವು. ಸೊಪ್ಪು ಹಾಕುವ ಹಾಗಿಲ್ಲ, ಹುಳು ಮನೆಯಲ್ಲಿ ಸದ್ದು ಮಾಡುವ ಹಾಗಿಲ್ಲ. ಜಗಲಿಯಲ್ಲಿ ಕೂತು ಬರೆಯುತ್ತಿದ್ದೇನೆ.

ಗಡ್ಡೆ ಮತ್ತೆ ಬಂದಿದ್ದನ್ನು ಹೀಗೆ ತಮಾಷೆ ಮಾಡಿ ಬರೆಯುವವನು ನೀನೊಬ್ಬನೇ ಇರಬೇಕು. ಓದಿ ನಕ್ಕೆ, ನಕ್ಕಿದ್ದಕ್ಕೆ ನನ್ನ ಮೇಲೆ ನನಗೇ ಸಿಟ್ಟು ಬಂತು. ನಿನ್ನ ಬಾವನಿಗೆ ಓದಿ ಹೇಳಿದಾಗ ಅವರು ಎದ್ದು ತೋಟದ ಕಡೆ ಹೋದರು. ಊಟಕ್ಕೆ ಕರೆದರೂ ಬರಲಿಲ್ಲ.

ಸೂಜಿಗೆ ನಾನು ಹೆದರುವವಳಲ್ಲ. ಆದರೆ ನೀನು "ಮದ್ದು ತುಂಬಿ" ಎಂದು ಬರೆದು ಮುಂದಕ್ಕೆ ಹಾರಿಬಿಟ್ಟಿದ್ದೀಯ. ಚಿಕ್ಕವನಾಗಿದ್ದಾಗಲೂ ಹಾಗೆಯೇ, ಹೇಳಬೇಕಾದ್ದನ್ನು ನುಂಗಿ ಉಳಿದದ್ದನ್ನೆಲ್ಲ ಹೇಳುತ್ತಿದ್ದೆ. ಏನು ಮದ್ದು? ನನ್ನ ಮೈಯಿಂದ ತೆಗೆದದ್ದರೊಳಗೆ ಏನನ್ನು ತುಂಬುತ್ತಾರೆ? ನನಗೆ ತಿಳಿಯುವ ಹಾಗೆ ಬರೆ.

ರಾತ್ರಿ ಹೊತ್ತು ಮೊಸರು ತಿನ್ನಬೇಡ. ಚಂದ್ರಲೇಖಾಳಿಗೆ ಧೈರ್ಯ ಹೇಳು.

ಹನುಮಕ್ಕ


ಆಲಸನತ್ತಂ
೬ ಫೆಬ್ರವರಿ ೨೦೨೫

ಅಕ್ಕ,

ಸಿಕ್ಕಿಬಿದ್ದೆ. ಆ ಮದ್ದು ಒಂದು ವೈರಸ್ಸು.

ಹೆದರಬೇಡ, ಪೂರ್ತಿ ಓದು. ಅದು ನೆಗಡಿ ತರುವ ವೈರಸ್ಸಿನ ಜಾತಿಯದು. ಗಡ್ಡೆಯ ಒಳಗೆ ಮಾತ್ರ ಬೆಳೆಯುವ ಹಾಗೆ ಅದನ್ನು ತಿದ್ದಿದ್ದಾರೆ. ನಾನೂ ನಿನ್ನಂತೆಯೇ ಹೆದರಿ, "ಒಂದು ರೋಗ ಸಾಲದು ಅಂತ ಇನ್ನೊಂದಾ?" ಎಂದು ಕೇಳಿದೆ. ಡಾಕ್ಟರಮ್ಮ ನಕ್ಕರು.

"ಮುಳ್ಳನ್ನ ಮುಳ್ಳಿಂದ್ಲೇ ತೆಗೀಬೇಕು ಅಂತ ನಿಮ್ಮ ಕಡೆ ಹೇಳಲ್ವೇನ್ರೀ?" ಎಂದರು. "ನಿಮ್ಮ ಗಡ್ಡೆ ಮಿದುಳೊಳಗೆ ಬೇರು ಬಿಟ್ಟಿದೆ. ಚಾಕು ಹೋಗದ ಕಡೆಗೆಲ್ಲ ಹೋಗಿದೆ. ವೈರಸ್ಸನ್ನ ಹಾಗೇ ಬಿಟ್ರೆ ರಕ್ತದಲ್ಲಿರೋ ಕಾವಲು ಅದನ್ನ ದಾರೀಲೇ ಕೊಂದ್ಬಿಡುತ್ತೆ. ಮೂಲಕೋಶದೊಳಗೆ ಕೂತು ಹೋದ್ರೆ ಅಷ್ಟು ಸುಲಭಕ್ಕೆ ಸಿಗಲ್ಲ. ಆ ಕೋಶಕ್ಕೆ ಗಡ್ಡೆ ಎಲ್ಲಿದೆ ಅಂತ ಗೊತ್ತಾಗುತ್ತೆ, ಹುಡುಕ್ಕೊಂಡು ಹೋಗುತ್ತೆ."

ಅಲ್ಲಿಗೆ ಹೋದ ಮೇಲೆ ಏನಾಗುತ್ತದೆ ಎಂಬುದು ನಿನಗೆ ನನಗಿಂತ ಬೇಗ ಅರ್ಥವಾಗುತ್ತದೆ. ಹುಳಕ್ಕೆ ಹಾಲುತೊಂಡೆ ರೋಗ ಬಂದಾಗ ಏನಾಗುತ್ತದೆ ಹೇಳು? ಒಳಗೊಳಗೇ ಹೆಚ್ಚಿ, ಮೈ ಉಬ್ಬಿ, ಚರ್ಮ ಒಡೆದು ಹಾಲು ಸುರಿಯುತ್ತದೆ. ಆ ಹಾಲು ತಾಗಿದ ಪಕ್ಕದ ಹುಳವೂ ಹೋಗುತ್ತದೆ. ಗಡ್ಡೆಯ ಕೋಶಗಳಿಗೂ ಹಾಗೇ ಆಗಬೇಕು. ಒಂದು ಒಡೆದು ಪಕ್ಕದ್ದಕ್ಕೆ, ಅದು ಒಡೆದು ಅದರ ಪಕ್ಕದ್ದಕ್ಕೆ. ಒಳ್ಳೆಯ ಮಿದುಳನ್ನು ಮುಟ್ಟಬಾರದು. ಅಷ್ಟೇ ಲೆಕ್ಕಾಚಾರ.

ಇದನ್ನು ಬರೆಯುವಾಗ ಪದಕ್ಕಾಗಿ ಬಹಳ ಕಾದೆ. ಬೆಳಿಗ್ಗೆ ಶುರು ಮಾಡಿದ್ದು, ಈಗ ಮುನೀಶ ಕಾಲೇಜಿನಿಂದ ಬಂದ. ಮುಗಿಸುತ್ತೇನೆ.

ಕೆಂಪ


ನಾಟ್ರಾಂಪಾಳ್ಯ
೧೭ ಫೆಬ್ರವರಿ ೨೦೨೫

ಕೆಂಪ,

ಗೂಡು ಬಿಡಿಸಿ ಮುಗಿಯಿತು. ಬೆಳೆ ಚೆನ್ನಾಗಿ ಬಂತು. ನಿನ್ನ ಬಾವ ಹೊಸೂರು ಮಾರ್ಕೆಟ್ಟಿಗೆ ಹಾಕಿ ಬಂದರು. ನಿನ್ನನ್ನು ನೋಡಲು ಬರಲಿಲ್ಲ. ನಾನೇ ಹೋಗಬೇಡಿ ಎಂದಿದ್ದೆ. ಅವರ ಮೇಲೆ ಬೇಸರ ಮಾಡಿಕೊಳ್ಳಬೇಡ.

ನನ್ನಿಂದ ಆಗುವುದಿಲ್ಲ ತಮ್ಮ.

ನೀನು ಅರ್ಥವಾಗಲಿ ಎಂದು ಹಾಲುತೊಂಡೆಯ ಉದಾಹರಣೆ ಕೊಟ್ಟೆ. ಅರ್ಥವಾಯಿತು, ಅದೇ ಕಷ್ಟವಾಯಿತು. ನಮ್ಮ ಬೀದಿಯ ಅಶ್ವತ್ಥಮ್ಮನ ಮನೆಯಲ್ಲಿ ಆ ರೋಗ ಬಿದ್ದ ವರ್ಷ ನಿನಗೆ ನೆನಪಿರಬೇಕು. ಅವಳು ನಮ್ಮ ಮನೆಗೆ ಬಂದು ಒಂದು ಗಳಿಗೆ ಕೂತು ಹೋಗಿದ್ದಳು. ನಾಲ್ಕನೇ ಜ್ವರ ಎದ್ದ ಮೇಲೆ ನಮ್ಮ ತಟ್ಟೆಗಳಲ್ಲೂ ಹುಳು ಅಂಚು ಹಿಡಿದು ಸುತ್ತಲು ಶುರುಮಾಡಿದವು. ಎಲ್ಲವನ್ನೂ ಗುಂಡಿ ತೋಡಿ ಸುಣ್ಣ ಹಾಕಿ ಮುಚ್ಚಿದೆವು.

ಗಂಟುರೋಗ ಇನ್ನೂ ಕೆಟ್ಟದ್ದು, ಮೊಟ್ಟೆಯಲ್ಲೇ ಬರುತ್ತದೆ. ಮೊಟ್ಟೆ ಇಟ್ಟ ಚಿಟ್ಟೆಯನ್ನು ಅರೆದು ನೋಡಿಯೇ ಮೊಟ್ಟೆ ಕೊಡುತ್ತಾರೆ. ತಾಯಿಯಲ್ಲಿ ಇದ್ದದ್ದು ಮರಿಯಲ್ಲಿ ಇದ್ದೇ ಇರುತ್ತದೆ. ಹಾಗಿದ್ದ ಮೇಲೆ ಮರಿಯಲ್ಲಿ ಇದ್ದದ್ದು ತಾಯಿಯಲ್ಲೂ ಇದೆ ಎಂದೇ ಅಲ್ಲವೇ? ನನ್ನ ಮಜ್ಜೆಯಲ್ಲಿ ಹುಟ್ಟಿದ್ದರೊಳಗೆ ರೋಗ ತುಂಬಿದರೆ ನಾನು ಹೇಗೆ ಬೇರೆಯಾಗುತ್ತೇನೆ? ಈ ಕೈಯಿಂದ ಸೊಪ್ಪು ಹಾಕುವುದು ಹೇಗೆ? ನನ್ನ ಮನೆಯೊಂದೇ ಆಗಿದ್ದರೆ ಹಾಳಾಗಿ ಹೋಗಲಿ ಎನ್ನಬಹುದಿತ್ತು. ನಮ್ಮ ಬೀದಿಯಲ್ಲಿ ಎಲ್ಲರೂ ಹುಳು ಸಾಕುವವರೇ.

ನೀನು ಹೋದರೆ ಹೋಗಲಿ ಎಂದು ನಾನು ಹೇಳುತ್ತಿಲ್ಲ. ಬೇರೆ ಏನು ಬೇಕಾದರೂ ಕೇಳು, ಇಲ್ಲ ಎಂದರೆ ಆಗ ನನ್ನನ್ನು ಅಕ್ಕ ಎನ್ನಬೇಡ.

ಹನುಮಕ್ಕ


ಆಲಸನತ್ತಂ
೨೭ ಫೆಬ್ರವರಿ ೨೦೨೫

ಅಕ್ಕ,

ನಿನ್ನ ಕಾಗದ ಓದಿ ನನಗೆ ಸಿಟ್ಟು ಬಂತು. ಸುಳ್ಳು ಹೇಳುವುದಿಲ್ಲ, ಬಹಳ ಸಿಟ್ಟು ಬಂತು. ತಮ್ಮನಿಗಿಂತ ಹುಳು ಹೆಚ್ಚಾಯಿತೇ ಎಂದು ಬರೆದು ಹರಿದುಹಾಕಿದೆ. ಆ ಹುಳದಿಂದಲೇ ನೀನು ನನ್ನನ್ನು ಓದಿಸಿದ್ದು, ಫ್ಯಾಕ್ಟರಿ ಕೆಲಸಕ್ಕೆ ಸೇರುವಾಗ ನನಗೆ ಹೊಸ ಪ್ಯಾಂಟು ಹೊಲಿಸಿದ್ದು. ಅದು ನೆನಪಾದ ಮೇಲೆ ಸಿಟ್ಟು ಉಳಿಯಲಿಲ್ಲ.

ಒಂದು ಸಲ ಹೇಳಿ ಬಿಡುತ್ತೇನೆ. ವೈರಸ್ಸು ತುಂಬುವುದು ಲ್ಯಾಬಿನಲ್ಲಿ. ನಿನ್ನ ಮೈಯಿಂದ ತೆಗೆದದ್ದು ನಿನ್ನ ಮೈಗೆ ತಿರುಗಿ ಬರುವುದಿಲ್ಲ. ಮಾರಿದ ಗೂಡನ್ನು ಮಾರ್ಕೆಟ್ಟಿನಲ್ಲಿ ಯಾರು ಏನು ಮಾಡಿದರೂ ನಿನ್ನ ಮನೆಗೆ ತಟ್ಟುತ್ತದೆಯೇ? ಹಾಗೇ ಇದು.

ಇನ್ನು ಕೇಳುವುದಿಲ್ಲ. ಬೇರೆಯವರ ಮಜ್ಜೆ ಸಿಗಬಹುದೇನೋ ನೋಡೋಣ ಎಂದಿದ್ದಾರೆ ಡಾಕ್ಟರಮ್ಮ, ಆದರೆ ತಡವಾಗುತ್ತದಂತೆ. ನಿನ್ನೆ ಬಾಗಿಲಲ್ಲಿ ನಿಂತ ಚಂದ್ರಲೇಖಾಳನ್ನು ಕರೆಯಲು ಹೋಗಿ ಹೆಸರು ಬರಲಿಲ್ಲ. ಅವಳು ಗೊತ್ತು, ಹೆಸರು ಗೊತ್ತಿಲ್ಲ. ಭಯವಾಯಿತು ಅಕ್ಕ.

ಕೆಂಪ


ಆಲಸನತ್ತಂ
೨೪ ಮಾರ್ಚ್ ೨೦೨೫

ಅಕ್ಕ,

ನೀನು ಹೇಳದೆ ಬಂದೆ, ಹೇಳದೆ ಹೋದೆ. ಮಾತಿಗಾದರೂ ಮನೆಗೆ ಬಂದು ಒಂದು ಮುದ್ದೆ ಉಂಡು ಹೋಗಬಾರದಿತ್ತೇ? ಚಂದ್ರಲೇಖಾ ಇನ್ನೂ ಗೊಣಗುತ್ತಿದ್ದಾಳೆ.

ಆಸ್ಪತ್ರೆಯ ಬೆಂಚಿನ ಮೇಲೆ ನೀನೂ ಬಾವನೂ ಕೂತಿದ್ದನ್ನು ನೋಡಿದಾಗ ಇದೂ ಗಡ್ಡೆಯ ಆಟವೇ ಇರಬೇಕು ಎಂದುಕೊಂಡೆ. ಇಲ್ಲದ್ದು ಕಾಣಿಸಬಹುದು ಎಂದು ಅವರು ಮೊದಲೇ ಎಚ್ಚರಿಸಿದ್ದರು. ನೀನು "ಏನ್ಲಾ ಹಂಗ್ ನೋಡ್ತೀಯ, ನಾನೇ ಕಣ್ಲಾ" ಎಂದು ಬೈದ ಮೇಲೆ ನಂಬಿಕೆ ಬಂತು. ಇಲ್ಲದ ಅಕ್ಕ ಬೈಯುವುದಿಲ್ಲ.

ಆ ನರ್ಸುಗಳು ನಿನ್ನ ಮಾತನ್ನು ಇನ್ನೂ ಹೇಳಿಕೊಂಡು ನಗುತ್ತಾರೆ. "ಇದೇನ್ ಡಾಕ್ಟ್ರಮ್ಮ, ಸೂಜಿನೋ ಗಡಾರಿನೋ?" ಎಂದು ಕೇಳಿದೆಯಂತೆ. ಮಜ್ಜೆ ತೆಗೆಯಲು ಸೊಂಟದ ಮೂಳೆಗೆ ಚುಚ್ಚುವಾಗ ಕಮಕ್ ಕಿಮಕ್ ಎನ್ನಲಿಲ್ಲವಂತೆ. ಮುಗಿದ ಮೇಲೆ ಡಾಕ್ಟರಮ್ಮನ ಕೈ ಹಿಡಿದು ನೀನು ಹೇಳಿದ್ದನ್ನು ನಾನೇ ಕೇಳಿಸಿಕೊಂಡೆ. "ಎಷ್ಟ್ ಬೇಕೋ ಅಷ್ಟ್ ತಗಳ್ಳಿ. ತಗಂಡಿದ್ದ ಮಾತ್ರ ವಾಪಸ್ ಕೊಡಬ್ಯಾಡಿ" ಎಂದೆ. ಎಲ್ಲರೂ ನಕ್ಕರು. ನಾನೂ ನಕ್ಕೆ.

ಮನಸ್ಸು ಬದಲಾದದ್ದು ಹೇಗೆ ಎಂದು ಕೇಳಿದರೆ, "ಹೆಂಡ್ತಿ ಹೆಸ್ರು ಮರ್ತೋನು ನಾಳೆ ನನ್ ಹೆಸ್ರೂ ಮರ್ತ್‌ಬುಡ್ತಾನೆ" ಎಂದು ಬಾವನ ಕಡೆ ತಿರುಗಿ ಹೇಳಿದೆ.

ನಿನ್ನ ಕೋಶ ಲ್ಯಾಬಿನಲ್ಲಿ ಚೆನ್ನಾಗಿ ಬೆಳೆಯುತ್ತಿದೆಯಂತೆ. ನಿನ್ನ ಮೈಯದು ಸೋಮಾರಿಯಾಗಿರಲು ಸಾಧ್ಯವೇ? ಸೊಂಟದ ನೋವು ಹೇಗಿದೆ, ಬರೆ.

ಕೆಂಪ


ಆಲಸನತ್ತಂ
೧೧ ಮೇ ೨೦೨೫

ಅಕ್ಕ,

ನೀನು ಉತ್ತರ ಬರೆಯಲಿಲ್ಲ. ಹುಳು ಕೆಲಸ ಇರಬೇಕು ಎಂದುಕೊಂಡಿದ್ದೇನೆ.

ಚಿಕಿತ್ಸೆ ಏಪ್ರಿಲ್ ನಡುವೆ ಆಯಿತು. ತೊಡೆಯ ಸಂದಿಯ ರಕ್ತನಾಳದಲ್ಲಿ ಕೂದಲಿನಂಥ ಕೊಳವೆ ಇಳಿಸಿ, ಅದನ್ನೇ ಮೇಲಕ್ಕೆ ಏರಿಸುತ್ತಾ ಮಿದುಳಿನ ತನಕ ಒಯ್ದು ನಿನ್ನನ್ನು ಒಳಗೆ ಬಿಟ್ಟರು. ನಿನ್ನನ್ನು ಎಂದೇ ಬರೆಯುತ್ತೇನೆ, ಹಾಗೆಯೇ ಅನ್ನಿಸಿತು. ಟಿವಿಯಲ್ಲಿ ತೋರಿಸಿದರು. ನೋಡಲು ಏನೂ ಇರಲಿಲ್ಲ, ನೀರಿನಂಥ ಒಂದು ಮದ್ದು ಹೋಯಿತು ಅಷ್ಟೇ.

ಆಮೇಲೆ ಜ್ವರ ಬಂತು, ತಲೆ ಸಿಡಿಯಿತು. ಮಿದುಳು ಊದದಂತೆ ಮದ್ದು ಕೊಟ್ಟರು. ಪ್ರತ್ಯೇಕ ಕೋಣೆಯಲ್ಲಿಟ್ಟಿದ್ದರು. ಎಂಜಲು, ಮೂತ್ರ ಎಲ್ಲ ಪರೀಕ್ಷೆ ಮಾಡಿ, ವೈರಸ್ಸು ಹೊರಗೆ ಬರುತ್ತಿಲ್ಲ ಎಂದು ಖಾತ್ರಿಯಾದ ಮೇಲೆ ಮನೆಗೆ ಕಳಿಸಿದರು. ಈಗ ಬಲಗೈ ಸ್ವಲ್ಪ ನಿಧಾನ, ಊಟ ಸೇರುತ್ತದೆ.

ಇಲ್ಲಿ ಸೆಕೆ. ನಿಮ್ಮ ಕಾಡಿನ ಗಾಳಿಗೆ ಕೆಲವು ದಿನ ಬಂದಿರೋಣ ಎನ್ನಿಸುತ್ತದೆ. ಬರಲೇ?

ಕೆಂಪ


ನಾಟ್ರಾಂಪಾಳ್ಯ
೨೦ ಮೇ ೨೦೨೫

ಕೆಂಪ,

ನೀನು ಎದ್ದು ಓಡಾಡುತ್ತಿದ್ದೀಯ ಎಂದು ಓದಿ ಮುನೇಶ್ವರನಿಗೆ ಕಾಯಿ ಒಡೆಸಿದೆ. ಸೊಂಟ ನೋಯುವುದಿಲ್ಲ.

ಈಗ ಬರಬೇಡ. ಯಾವಾಗ ಬರಬೇಕು ಎಂದು ನಾನೇ ಬರೆಯುತ್ತೇನೆ. ಕಾರಣ ಕೇಳಬೇಡ.

ಹನುಮಕ್ಕ


ಆಲಸನತ್ತಂ
೧೬ ಜೂನ್ ೨೦೨೫

ಅಕ್ಕ,

ಬಾವ ಗೂಡು ಹಾಕಲು ಬಂದವರು ಈ ಸಲ ಮನೆಗೆ ಬಂದರು. ಮಾವಿನಹಣ್ಣು ಕೊಯ್ದುಕೊಟ್ಟು, ಬೆಳೆ ಹೇಗಿತ್ತು ಎಂದು ಕೇಳಿದೆ.

"ಜಯಂತಿ ಒಬ್ಳೇ ಒದ್ದಾಡವ್ಳೆ. ಪಾಪ, ಕಲೀತಾವ್ಳೆ" ಎಂದರು.

"ಅಕ್ಕ ಎಲ್ ಹೋದ್ಲು ಬಾವ?"

ಬಾವ ಹಣ್ಣಿನ ಓಟೆಯನ್ನು ಚೀಪುತ್ತಲೇ ಇದ್ದರು. ಆಮೇಲೆ ಹೇಳಿದರು. "ನಿಮ್ಮಕ್ಕ ಬೆಂಗ್ಳೂರಿಂದ ಬಂದಾಗ್ಲಿಂದ ಹುಳು ಮನೆ ಒಳಕ್ಕೆ ಕಾಲಿಟ್ಟಿಲ್ಲ ಕಣ್ಲಾ. ಸೊಪ್ಪೂ ಮುಟ್ಟಲ್ಲ. ನೀರ್ ಕಟ್ತಾಳೆ, ಕಳೆ ಕೀಳ್ತಾಳೆ, ಹೊರಗೇ ಇರ್ತಾಳೆ. ನಿಂಗ್ ಹೇಳ್ಬ್ಯಾಡ ಅಂದಿದ್ಲು. ನನ್ ಹೊಟ್ಟೇಲಿ ಮಾತ್ ನಿಲ್ಲಲ್ಲ."

ಅಕ್ಕ, ನೀನು ನನ್ನ ಮಾತನ್ನು ನಂಬಿ ಕೊಟ್ಟೆ ಎಂದುಕೊಂಡಿದ್ದೆ. ಒಂದಿಷ್ಟೂ ನಂಬಿರಲಿಲ್ಲ ಎಂದು ಈಗ ತಿಳಿಯಿತು. ರೋಗ ನಿನಗೂ ಬರುತ್ತದೆ, ಇನ್ನು ಹುಳು ಮುಟ್ಟುವ ಹಾಗಿಲ್ಲ ಎಂದು ಗಟ್ಟಿಯಾಗಿ ನಂಬಿಕೊಂಡೇ ಬಂದು ಆ ಹಾಸಿಗೆಯ ಮೇಲೆ ಮಲಗಿದೆ. "ವಾಪಸ್ ಕೊಡಬ್ಯಾಡಿ" ಎಂದು ನೀನು ಡಾಕ್ಟರಮ್ಮನಿಗೆ ಹೇಳಿದ್ದಕ್ಕೆ ನಾನೂ ಎಲ್ಲರ ಜೊತೆ ನಕ್ಕೆನಲ್ಲ. ಬಾವ ಹೋದ ಮೇಲೆ ಮಗುವಿನ ಹಾಗೆ ಅತ್ತೆ.

ಮೊನ್ನೆ ಸ್ಕ್ಯಾನ್‌ಗೆ ಹೋದಾಗ ಡಾಕ್ಟರಮ್ಮನನ್ನು ಕೇಳಿದೆ. ಅವರು ನಗಲಿಲ್ಲ, ಕುರ್ಚಿ ಹತ್ತಿರ ಎಳೆದುಕೊಂಡು ಹೇಳಿದರು. "ನಿಮ್ಮ ಅಕ್ಕನ ಮೈಗೆ ಆ ವೈರಸ್ ಹೋಗೇ ಇಲ್ಲ. ಹೋಗಿದ್ರೂ ಅದು ಹುಳಕ್ಕೆ ಬರಲ್ಲ. ಹುಳದ್ದು ಮನುಷ್ಯರಿಗೆ ಬರಲ್ಲ. ಎರಡೂ ಬೇರೆ ಬೇರೆ ಜಾತಿ. ನನ್ನ ಹೆಸರು ಹೇಳಿ ಬರೀರಿ." ಬರೆದಿದ್ದೇನೆ. ದಯವಿಟ್ಟು ಒಳಗೆ ಹೋಗು.

ಸ್ಕ್ಯಾನಿನ ವಿಷಯ: ಗಡ್ಡೆ ಕರಗಿಲ್ಲ, ಬೆಳೆದೂ ಇಲ್ಲ. ನಡುವೆ ಒಂದು ಕಡೆ ಸತ್ತ ಹಾಗೆ ಕಪ್ಪಗೆ ಕಾಣುತ್ತದೆ. ಇದು ನಿಮ್ಮ ಅಕ್ಕನ ಕೆಲಸವೇ ಎಂದು ಈಗಲೇ ಹೇಳಲಾಗದು, ಮೂರು ತಿಂಗಳು ಬಿಟ್ಟು ಮತ್ತೆ ನೋಡೋಣ ಎಂದರು. ನಾನು ಮಾತ್ರ ನಿನ್ನದೇ ಎಂದು ತೀರ್ಮಾನಿಸಿದ್ದೇನೆ.

ಚಂದ್ರಲೇಖಾ ಎಂದು ಒಂದು ಸಲವೂ ತಡವರಿಸದೆ ಕರೆದೆ. ಅವಳು ಮೂರು ಸಲ ಕರೆಸಿಕೊಂಡಳು.

ಕೆಂಪ


ನಾಟ್ರಾಂಪಾಳ್ಯ
೨೦ ಜುಲೈ ೨೦೨೫

ತಮ್ಮ ಕೆಂಪನಿಗೆ,

ನಿನ್ನ ಬಾವನ ಬಾಯಿಗೆ ಬೀಗ ಹಾಕುವವರು ಇನ್ನೂ ಹುಟ್ಟಿಲ್ಲ. ಇರಲಿ, ಹೇಳಿದ್ದು ಒಳ್ಳೆಯದೇ ಆಯಿತು.

ಡಾಕ್ಟರಮ್ಮನ ಮಾತು ಓದಿದೆ. ಅವರು ದೊಡ್ಡವರು, ಆದರೆ ಹುಳು ಸಾಕಿದವರಲ್ಲ. ಅದಕ್ಕೆ ನನಗೆ ತಿಳಿದ ದಾರಿಯಲ್ಲಿ ನೋಡೋಣ ಎಂದುಕೊಂಡೆ. ಮೂರನೇ ಜ್ವರ ಎದ್ದ ಹುಳು ಒಂದು ಹಿಡಿ ಕೊಡು ಎಂದು ಜಯಂತಿಯನ್ನು ಕೇಳಿದೆ. ಹೊಸ್ತಿಲ ಆಚೆಯಿಂದಲೇ ಕೊಟ್ಟಳು. ದನದ ಕೊಟ್ಟಿಗೆಯ ಮೂಲೆಯಲ್ಲಿ, ಯಾರ ಹುಳಕ್ಕೂ ತಾಗದ ಕಡೆ, ಹಳೆಯ ಮೊರದಲ್ಲಿ ಸಾಕಿದೆ. ಬೇಕೆಂದೇ ಕೈ ತೊಳೆಯದೆ ಸೊಪ್ಪು ಹಾಕಿದೆ. ಬೆವರು ಒರೆಸಿದ ಕೈಯಲ್ಲೇ ಹಾಕಿದೆ. ಮೈ ಉಬ್ಬುತ್ತದೆಯೇ, ಚರ್ಮ ಹೊಳೆಯುತ್ತದೆಯೇ, ಅಂಚು ಹಿಡಿದು ಸುತ್ತುತ್ತವೆಯೇ ಎಂದು ಬಗ್ಗಿ ಬಗ್ಗಿ ನೋಡಿದೆ. ಏನೂ ಆಗಲಿಲ್ಲ. ಗಬಗಬನೆ ತಿಂದು, ಬಲಿತು ಹಣ್ಣಾಗಿ, ಮುರುಕಲು ಬಿದಿರು ಚಂದ್ರಿಕೆಯ ಮೇಲೆ ಬಿಟ್ಟರೆ ಅಷ್ಟೂ ಗೂಡು ಕಟ್ಟಿದವು. ಒಂದು ಗೂಡು ಕತ್ತರಿಸಿ ನೋಡಿದೆ. ಒಳಗಿನದು ಗಟ್ಟಿಯಾಗಿ, ಆರೋಗ್ಯವಾಗಿ ಇತ್ತು. ಕೊಟ್ಟಿಗೆಯಲ್ಲೇ ಕೂತು ಅತ್ತೆ. ಇಷ್ಟು ದಿನ ಬಾಗಿಲಾಚೆ ನಿಂತು, ಒಳಗೆ ಹುಳು ಸೊಪ್ಪು ತಿನ್ನುವ ಸದ್ದು ಕೇಳಿಕೊಂಡು ಹೇಗಿದ್ದೆ ಎಂದು ನನಗೇ ಗೊತ್ತು.

ನೀನು ಬರೆದದ್ದು ನಿಜ. ನಂಬಿ ಕೊಡಲಿಲ್ಲ. ಹುಳು ಹೋದರೆ ಹೋಗಲಿ ಎಂದೇ ಕೊಟ್ಟೆ. ಅದನ್ನು ದೊಡ್ಡದು ಮಾಡಬೇಡ.

ಇನ್ನು ನಿನ್ನ ಕೈಯ ವಿಷಯ ಉಳಿಯಿತು. ವೈರಸ್ಸು ನಿಜವಾಗಿ ಹೊಕ್ಕದ್ದು ನಿನ್ನ ಮೈಗೆ. ಅದಕ್ಕೇ ಮೇ ತಿಂಗಳಲ್ಲಿ ಬರಬೇಡ ಎಂದೆ. ಆ ಸಾಲು ಬರೆದ ಮೇಲೆ ನನಗೆ ಅನ್ನ ಸೇರಲಿಲ್ಲ. ಅವನಿಗೂ ಮೊದಲು ಒಂದು ಮೊರ ಕೊಟ್ಟು ನೋಡು ಎಂದರು ನಿನ್ನ ಬಾವ. ಬೇಡ ಎಂದೆ. ನನ್ನನ್ನು ನಾನು ಪರೀಕ್ಷೆ ಮಾಡಿಕೊಳ್ಳಬಹುದು, ನಿನ್ನನ್ನು ಮಾಡುವುದಿಲ್ಲ. ಅಶ್ವತ್ಥಮ್ಮನಿಗೂ ಬೀದಿಯವರಿಗೂ ಹೇಳಿದೆ. "ಬರ್ಲಿ ಬುಡಕ್ಕ, ನಿನ್ ತಮ್ಮ ಅಂದ್ರೆ ನಮ್ಗೇನ್ ಬ್ಯಾರೇನಾ" ಎಂದಳು ಅವಳು.

ಶ್ರಾವಣದ ಎರಡನೇ ವಾರ ಹೊಸ ಮರಿಹುಳು ಬರುತ್ತವೆ. ಚಂದ್ರಲೇಖಾಳನ್ನೂ ಮುನೀಶನನ್ನೂ ಕರೆದುಕೊಂಡು ಅದಕ್ಕೆ ಮೊದಲೇ ಬಾ. ನಾನು ಇನ್ನೂ ಹುಳು ಮನೆಯ ಒಳಗೆ ಹೋಗಿಲ್ಲ. ನೀನು ಬಂದ ದಿನ ನಿನ್ನ ಜೊತೆ ಹೋಗುತ್ತೇನೆ. ನಿನ್ನನ್ನು ಜಗಲಿಯಲ್ಲಿ ಕೂರಿಸುವುದಿಲ್ಲ. ಎಲ್ಲ ತಟ್ಟೆಗೂ ಮೊದಲ ಸೊಪ್ಪು ನೀನೇ ಹಾಕಬೇಕು, ನಿಧಾನವಾದರೂ ಆ ಬಲಗೈಯಲ್ಲೇ ಹಾಕಬೇಕು. ಬೆಳೆ ಹೋದರೆ ಇನ್ನೊಂದು ಇಡುತ್ತೇನೆ.

ನಿನ್ನ ಅಕ್ಕ
ಹನುಮಕ್ಕ